ಗುಡ್ಡ ಹತ್ತಿಸುವ ಗಾಳಿ

ಮಕ್ಕಳೇ, ಒಂದು ಲೀಟರ್ ಡೀಸೆಲ್ ಪೂರ್ತಿಯಾಗಿ ಉರಿಯಬೇಕಾದರೆ ಎಷ್ಟು ಗಾಳಿ ಬೇಕು? ಊಹಿಸಿ ನೋಡೋಣ. ಹತ್ತು ಲೀಟರ್? ನೂರು ಲೀಟರ್? ಇನ್ನೂ ಮೇಲೆ ಹೋಗಿ. ಸುಮಾರು ಹತ್ತು ಸಾವಿರ ಲೀಟರ್ ಬೇಕು! ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೋಣೆಯೊಂದರಲ್ಲಿ ತುಂಬಿರುವಷ್ಟು ಗಾಳಿ ಅದು.

ಪೆನ್ಸಿಲ್ ಹಿಡಿದು ನೀವೇ ಲೆಕ್ಕ ಹಾಕಬಹುದು. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಅದು ಉರಿಯಲು ಅದರ ತೂಕದ ಹದಿನಾಲ್ಕೂವರೆ ಪಟ್ಟು ಗಾಳಿ ಬೇಕು, ಅಂದರೆ ಸುಮಾರು 12 ಕೆ.ಜಿ. ಸಾವಿರ ಲೀಟರ್ ಗಾಳಿ ತೂಗುವುದು ಸುಮಾರು 1.2 ಕೆ.ಜಿ. ಈಗ ಭಾಗಿಸಿ ನೋಡಿ: ಹತ್ತು ಸಾವಿರ ಲೀಟರ್! ಗಾಳಿಯಲ್ಲಿ ಉರಿಯುವುದಕ್ಕೆ ನೆರವಾಗುವುದು ಆಮ್ಲಜನಕ. ಅದು ಗಾಳಿಯ ಐದನೇ ಒಂದು ಪಾಲಷ್ಟೇ ಇರುವುದರಿಂದ ಇಷ್ಟು ಗಾಳಿಯನ್ನು ಎಂಜಿನ್ ಎಳೆದುಕೊಳ್ಳಬೇಕಾಗುತ್ತದೆ.

ಈ ಲೆಕ್ಕವನ್ನು ನೆನಪಿಟ್ಟುಕೊಂಡರೆ, ಕೆಸರಿನಲ್ಲಿ, ಕಲ್ಲುದಾರಿಯಲ್ಲಿ, ಕಡಿದಾದ ಗುಡ್ಡದಲ್ಲಿ ಓಡಾಡುವ ಗಾಡಿಗಳ ಎಂಜಿನ್‌ಗೆ ಹೆಚ್ಚು ಶಕ್ತಿ ಹೇಗೆ ಬರುತ್ತದೆ ಎಂಬುದು ಸುಲಭವಾಗಿ ಅರ್ಥವಾಗುತ್ತದೆ.

ಹೆಚ್ಚು ಡೀಸೆಲ್ ಹಾಕಿದರೆ ಸಾಲದೇ?

ಏರಿನಲ್ಲಿ ಜೀಪು ನಿಂತುಬಿಟ್ಟರೆ ಡ್ರೈವರ್ "ಗಾಡಿ ಎಳೀತಾ ಇಲ್ಲ, ಪಿಕಪ್ ಇಲ್ಲ" ಎನ್ನುತ್ತಾರೆ. ಹಾಗಾದರೆ ಇನ್ನಷ್ಟು ಡೀಸೆಲ್ ಕೊಟ್ಟರಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ಸೌದೆ ಒಲೆಯನ್ನು ನೋಡಿದವರಿಗೆ ಉತ್ತರ ಗೊತ್ತಿದೆ. ಒಲೆಯೊಳಗೆ ಸೌದೆ ತುರುಕುತ್ತಾ ಹೋದರೆ ಅಡುಗೆಮನೆ ತುಂಬ ಹೊಗೆ. ಅಜ್ಜಿ ಊದುಗೊಳವೆ ತೆಗೆದುಕೊಂಡು ನಾಲ್ಕು ಬಾರಿ ಊದಿದರೆ ಅದೇ ಸೌದೆ ಧಗಧಗ ಉರಿಯುತ್ತದೆ.

ಎಂಜಿನ್‌ನಲ್ಲೂ ನಡೆಯುವುದು ಇದೇ. ಗಾಳಿ ಸಾಲದೆ ಡೀಸೆಲ್ ಮಾತ್ರ ಹೆಚ್ಚಾದರೆ ಅದು ಅರೆಬರೆ ಉರಿದು ಮಸಿಯಾಗುತ್ತದೆ. ಸೈಲೆನ್ಸರ್‌ನಿಂದ ಬುಸುಬುಸು ಹೊರಬರುವ ಕಪ್ಪು ಹೊಗೆ ಎಂದರೆ ಆ ಮಸಿಯೇ. ದುಡ್ಡು ಕೊಟ್ಟು ತಂದ ಡೀಸೆಲ್ ಗಾಡಿಯನ್ನು ಎಳೆಯುವ ಬದಲು ಹೊಗೆಯಾಗಿ ಹೋಗುತ್ತದೆ. ಅದನ್ನು ಉಸಿರಾಡುವವರ ಶ್ವಾಸಕೋಶಕ್ಕೂ ಕೆಡುಕು.

ಡೀಸೆಲ್ ಎಂಜಿನ್‌ನ ಒಳಗೆ ಏನಾಗುತ್ತದೆ ಎಂದು ಒಂದಿಷ್ಟು ನೋಡೋಣ. ಸಿಲಿಂಡರ್ ಎಂಬ ಉರುಟು ಕೊಳವೆಯಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಕೆಳಗಿಳಿಯುವಾಗ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಮೇಲೇರುವಾಗ ಆ ಗಾಳಿಯನ್ನು ಸುಮಾರು ಇಪ್ಪತ್ತನೇ ಒಂದು ಪಾಲು ಜಾಗಕ್ಕೆ ಅದುಮುತ್ತದೆ. ಅದುಮಿದ ಗಾಳಿ 500 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ ನಾಜಲ್‌ನಿಂದ ಡೀಸೆಲ್ ಸಿಂಪರಣೆಯಾಗುತ್ತದೆ. ಕಿಡಿ ಹಾರಿಸುವ ಪ್ಲಗ್ ಇಲ್ಲದೆಯೇ, ಗಾಳಿಯ ಬಿಸಿಗೇ ಅದು ಹೊತ್ತಿಕೊಳ್ಳುತ್ತದೆ. ಉರಿದ ಅನಿಲ ಹಿಗ್ಗಿ ಪಿಸ್ಟನ್ನನ್ನು ಬಲವಾಗಿ ಕೆಳಗೆ ತಳ್ಳುತ್ತದೆ. ಮತ್ತೆ ಮೇಲೇರುವಾಗ ಪಿಸ್ಟನ್ ಸುಟ್ಟ ಅನಿಲವನ್ನು ಹೊರಗೆ ನೂಕುತ್ತದೆ. ಹೀಗೆ ಎಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರ್ ಒಂದು ಸಲ ಮಾತ್ರ ಗಾಳಿ ತುಂಬಿಕೊಳ್ಳುತ್ತದೆ.

ಎರಡೂವರೆ ಲೀಟರ್ ಎಂಜಿನ್ ಎಂದರೆ ಅದರ ಎಲ್ಲ ಸಿಲಿಂಡರ್‌ಗಳು ಸೇರಿ ಒಂದು ಸಲಕ್ಕೆ ಎಳೆದುಕೊಳ್ಳಬಲ್ಲ ಗಾಳಿ ಎರಡೂವರೆ ಲೀಟರ್. ಅದು ನಿಮಿಷಕ್ಕೆ 2000 ಸುತ್ತು ತಿರುಗಿದರೆ 1000 ಸಲ ಗಾಳಿ ಎಳೆಯುತ್ತದೆ. ಅಂದರೆ ನಿಮಿಷಕ್ಕೆ ಹೆಚ್ಚೆಂದರೆ 2500 ಲೀಟರ್. ಆ ವೇಗದಲ್ಲಿ ಎಷ್ಟೇ ಆಕ್ಸಿಲರೇಟರ್ ತುಳಿದರೂ ಇದಕ್ಕಿಂತ ಹೆಚ್ಚು ಗಾಳಿ ತಾನಾಗಿ ಒಳಗೆ ಬಾರದು. ಗಾಳಿಗೆ ಮಿತಿ ಇದ್ದ ಮೇಲೆ ಉರಿಸಬಹುದಾದ ಡೀಸೆಲ್‌ಗೂ ಮಿತಿ, ಸಿಗುವ ಶಕ್ತಿಗೂ ಮಿತಿ.

ಹೊರಗೆ ಹೋಗುವ ಹೊಗೆಗೆ ಒಂದು ಕೆಲಸ

ಈ ಮಿತಿಯನ್ನು ದಾಟುವ ಉಪಾಯ ಹೂಡಿದವರು ಆಲ್ಫ್ರೆಡ್ ಬ್ಯೂಖಿ ಎಂಬ ಸ್ವಿಟ್ಜರ್ಲೆಂಡಿನ ಎಂಜಿನಿಯರ್. ಡೀಸೆಲ್ ಸುಟ್ಟಾಗ ಬರುವ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಸೈಲೆನ್ಸರ್ ದಾರಿಯಲ್ಲಿ ಸುಮ್ಮನೆ ಹೊರಗೆ ಹೋಗಿಬಿಡುತ್ತದೆ. ಹಾಗೆ ರಭಸದಿಂದ ನುಗ್ಗುವ ಬಿಸಿ ಅನಿಲದಿಂದ ಏಕೆ ಕೆಲಸ ತೆಗೆಯಬಾರದು ಎಂದು ಬ್ಯೂಖಿ ಯೋಚಿಸಿದರು. 1905ರಲ್ಲಿ ತಮ್ಮ ಉಪಾಯಕ್ಕೆ ಪೇಟೆಂಟ್ ಪಡೆದರು.

ಅವರ ಉಪಾಯ ಹೀಗಿದೆ. ಒಂದು ಸಣ್ಣ ಉಕ್ಕಿನ ದಂಡ, ಅದರ ಎರಡು ತುದಿಗಳಲ್ಲಿ ರೆಕ್ಕೆಗಳುಳ್ಳ ಎರಡು ಚಕ್ರ. ಒಂದು ಚಕ್ರ ಹೊಗೆ ಹೋಗುವ ದಾರಿಯಲ್ಲಿ, ಇನ್ನೊಂದು ಗಾಳಿ ಬರುವ ದಾರಿಯಲ್ಲಿ. ಹೊರಹೋಗುವ ಬಿಸಿ ಅನಿಲ ಮೊದಲ ಚಕ್ರವನ್ನು ತಿರುಗಿಸುತ್ತದೆ. ಒಂದೇ ದಂಡಕ್ಕೆ ಸೇರಿರುವುದರಿಂದ ಎರಡನೆಯ ಚಕ್ರವೂ ಅಷ್ಟೇ ವೇಗವಾಗಿ ತಿರುಗಿ ಹೊರಗಿನ ಗಾಳಿಯನ್ನು ಎಂಜಿನ್‌ನೊಳಗೆ ಒತ್ತಿ ತುಂಬುತ್ತದೆ. ಇದೇ ಟರ್ಬೊ ಚಾರ್ಜರ್. ಎಲ್ಲರ ಬಾಯಲ್ಲಿ ಬರೀ ಟರ್ಬೊ.

ಉಪಾಯ ಹೊಳೆದದ್ದು ಬೇಗ, ಕೈಗೂಡಿದ್ದು ನಿಧಾನ. ಅಷ್ಟು ಬಿಸಿಯಲ್ಲಿ ಅಷ್ಟು ವೇಗ ತಾಳುವ ಲೋಹಗಳು ಬೇಕಿದ್ದವು. 1920ರ ದಶಕದಲ್ಲಿ ಜರ್ಮನಿಯ ಎರಡು ಪ್ರಯಾಣಿಕರ ಹಡಗುಗಳಿಗೆ, 'ಪ್ರಾಯ್ಸೆನ್' ಮತ್ತು 'ಹಾನ್ಸೆಸ್ಟಾಟ್ ಡಾನ್‌ಸಿಗ್' ಎಂಬವಕ್ಕೆ, ಬ್ಯೂಖಿಯವರ ಟರ್ಬೊ ಜೋಡಿಸಲಾಯಿತು. 1750 ಅಶ್ವಶಕ್ತಿ ಕೊಡುತ್ತಿದ್ದ ಹತ್ತು ಸಿಲಿಂಡರ್ ಎಂಜಿನ್ 2500 ಅಶ್ವಶಕ್ತಿ ಕೊಟ್ಟಿತು! ಸಿಲಿಂಡರ್‌ಗಳ ಸಂಖ್ಯೆ ಅಷ್ಟೇ ಇತ್ತು. ಒಳಗೆ ಹೋಗುವ ಗಾಳಿ ಹೆಚ್ಚಾಗಿತ್ತು. ಇಂದಿನ ಜೀಪಿನ ಟರ್ಬೊ ನಿಮ್ಮ ಎರಡು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಅದರೊಳಗಿನ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ.

ಒಂದೇ ಗಾತ್ರ, ಮೂರು ಶಕ್ತಿ

ಟರ್ಬೊದ ಕಥೆಯನ್ನು ಕಲಿಯಲು ಇಂಗ್ಲೆಂಡಿನ ಲ್ಯಾಂಡ್ ರೋವರ್ ಗಾಡಿಗಳಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಸಾಲಿಹುಲ್ ಎಂಬ ಊರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಈ ಗಾಡಿಗಳು ಹೊಲ, ಕಾಡು, ಮರುಭೂಮಿಗಳಲ್ಲಿ ಓಡಾಡಲೆಂದೇ ಹುಟ್ಟಿದವು. 1980ರ ದಶಕದಲ್ಲಿ ಅವುಗಳಿಗೆ 2495 ಸಿಸಿ ಗಾತ್ರದ, ಅಂದರೆ ಸುಮಾರು ಎರಡೂವರೆ ಲೀಟರಿನ, ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ ಇತ್ತು. ಟರ್ಬೊ ಇರಲಿಲ್ಲ. ಅದರ ಶಕ್ತಿ 68 ಅಶ್ವಶಕ್ತಿ.

1986ರಲ್ಲಿ ಅದೇ ಗಾತ್ರದ ಎಂಜಿನ್‌ಗೆ ಟರ್ಬೊ ಸೇರಿಸಿದರು. ಶಕ್ತಿ 85ಕ್ಕೇರಿತು. ಸಂತೋಷದ ಸುದ್ದಿಯೇ. ಆದರೆ ಹಿಂದೆಯೇ ಒಂದು ತೊಂದರೆ ಕಾಣಿಸಿಕೊಂಡಿತು. ಹೆಚ್ಚು ಹೊತ್ತು ಕಷ್ಟಪಟ್ಟು ದುಡಿದಾಗ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿತ್ತು. ಕೆಲವು ಗಾಡಿಗಳಲ್ಲಿ ಪಿಸ್ಟನ್‌ಗಳು ಬಿರುಕು ಬಿಟ್ಟವು. ಹೊಸ ಗಾಳಿ ಬಂದಿತ್ತು, ಜೊತೆಯಲ್ಲಿ ಹೊಸ ಶಾಖವೂ ಬಂದಿತ್ತು. ಎಂಜಿನ್‌ನ ಉಳಿದ ಭಾಗಗಳು ಅದಕ್ಕೆ ಸಿದ್ಧವಾಗಿರಲಿಲ್ಲ.

ಎಂಜಿನಿಯರುಗಳು ಮತ್ತೆ ಕುಳಿತು ಮೊದಲಿನಿಂದ ಯೋಚಿಸಿದರು. 1989ರಲ್ಲಿ ಡಿಸ್ಕವರಿ ಎಂಬ ಗಾಡಿಯ ಜೊತೆ '200 ಟಿಡಿಐ' ಎಂಬ ಎಂಜಿನ್ ಹೊರಬಂದಿತು. ಗಾತ್ರ ಮತ್ತೆ ಅದೇ 2495 ಸಿಸಿ. ಶಕ್ತಿ ಮಾತ್ರ 111 ಅಶ್ವಶಕ್ತಿ! ಮೊದಲಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು, ಅದೂ ಬಹುಕಾಲ ಬಾಳುವ ಎಂಜಿನ್. ಅವರು ಮಾಡಿದ್ದೇನು? ಮುಖ್ಯವಾದವು ಎರಡು ಕೆಲಸ. ಒಂದು, ಗಾಳಿಯನ್ನು ತಣಿಸಿದ್ದು. ಎರಡು, ಡೀಸೆಲನ್ನು ಉರಿಸುವ ಜಾಗವನ್ನೇ ಬದಲಿಸಿದ್ದು.

ಗಾಳಿಯನ್ನು ತಣಿಸುವುದೇಕೆ?

ನಿಮ್ಮ ಸೈಕಲ್‌ಗೆ ಗಾಳಿ ಹೊಡೆಯುವಾಗ ಒಂದು ಪ್ರಯೋಗ ಮಾಡಿ. ಪಂಪನ್ನು ಮೂವತ್ತು ನಲವತ್ತು ಸಲ ಬೇಗಬೇಗ ಒತ್ತಿ, ಪಂಪಿನ ಕೆಳತುದಿಯನ್ನು ಮುಟ್ಟಿ ನೋಡಿ. ಬೆಚ್ಚಗಾಗಿರುತ್ತದೆ. ಗಾಳಿಯನ್ನು ಅದುಮಿದಾಗ ಅದು ಬಿಸಿಯಾಗುತ್ತದೆ. ಟರ್ಬೊದಲ್ಲಿಯೂ ಹಾಗೆಯೇ.

ಹೊರಗೆ 30 ಡಿಗ್ರಿ ಇರುವ ಗಾಳಿಯನ್ನು ಟರ್ಬೊ 1.8 ಪಟ್ಟು ಒತ್ತಡಕ್ಕೆ ಏರಿಸಿತು ಎಂದುಕೊಳ್ಳಿ. ಆ ಗಾಳಿ ಸುಮಾರು 115 ಡಿಗ್ರಿಗೆ ಬಿಸಿಯಾಗುತ್ತದೆ. ಬಿಸಿ ಗಾಳಿ ಹಿಗ್ಗುತ್ತದೆ, ಅಷ್ಟೇ ಜಾಗದಲ್ಲಿ ಕಡಿಮೆ ಹಿಡಿಸುತ್ತದೆ. ಆದ್ದರಿಂದ ಒತ್ತಡ ಶೇಕಡಾ 80 ಏರಿದರೂ ಸಿಲಿಂಡರ್‌ಗೆ ಹೋಗುವ ಗಾಳಿ ಸುಮಾರು ಶೇಕಡಾ 40 ಮಾತ್ರ ಹೆಚ್ಚುತ್ತದೆ. ಈಗ ಆ ಗಾಳಿಯನ್ನು ಎಂಜಿನ್‌ಗೆ ಬಿಡುವ ಮೊದಲು 55 ಡಿಗ್ರಿಗೆ ತಣಿಸಿ. ಆಗ ಹೆಚ್ಚುವರಿ ಗಾಳಿ ಸುಮಾರು ಶೇಕಡಾ 65! ಟರ್ಬೊ ಅದೇ, ಒತ್ತಡ ಅದೇ. ಬರೀ ತಣಿಸಿದ್ದರಿಂದ ಇಷ್ಟು ಲಾಭ.

ಹೀಗೆ ತಣಿಸುವ ಸಾಧನವೇ ಇಂಟರ್‌ಕೂಲರ್. ಅದು ಅಲ್ಯೂಮಿನಿಯಮ್ಮಿನ ತೆಳು ಕೊಳವೆಗಳ ಚಪ್ಪಟೆ ಚೌಕಟ್ಟು. ಕೊಳವೆಗಳ ಒಳಗೆ ಟರ್ಬೊದ ಬಿಸಿ ಗಾಳಿ ಹರಿಯುತ್ತದೆ, ಹೊರಗೆ ಗಾಡಿಯ ಮುಂದಿನಿಂದ ಬೀಸುವ ತಂಪು ಗಾಳಿ ತಾಗುತ್ತದೆ. ಇದರಿಂದ ಇನ್ನೊಂದು ಉಪಕಾರವೂ ಇದೆ. ತಣ್ಣಗಿನ ಗಾಳಿ ಒಳಗೆ ಹೋದರೆ ಸಿಲಿಂಡರ್‌ನೊಳಗಿನ ಉರಿಯ ಬಿಸಿಯೂ ಕಡಿಮೆಯಾಗಿ ಪಿಸ್ಟನ್ ಉಳಿಯುತ್ತದೆ. 1986ರ ಎಂಜಿನ್‌ನಲ್ಲಿ ಇಂಟರ್‌ಕೂಲರ್ ಇರಲಿಲ್ಲ. 1989ರದರಲ್ಲಿ ಇತ್ತು.

ಇನ್ನು ಎರಡನೆಯ ಕೆಲಸ. ಹಳೆಯ ಎಂಜಿನ್‌ನಲ್ಲಿ ಡೀಸೆಲ್ ಮೊದಲು ಪಕ್ಕದ ಒಂದು ಪುಟ್ಟ ಗೂಡಿನಲ್ಲಿ ಹೊತ್ತಿಕೊಂಡು, ಅಲ್ಲಿಂದ ಸಿಲಿಂಡರ್‌ಗೆ ನುಗ್ಗುತ್ತಿತ್ತು. ಆ ಗೂಡಿನ ಗೋಡೆಗಳು ಬಹಳಷ್ಟು ಶಾಖವನ್ನು ನುಂಗಿಬಿಡುತ್ತಿದ್ದವು. ಹೊಸ ಎಂಜಿನ್‌ನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ತಲೆಯ ಮೇಲಿನ ಬಟ್ಟಲಿನಾಕಾರದ ತಗ್ಗಿಗೇ ಸಿಂಪರಣೆಯಾಗುತ್ತದೆ. ಶಾಖ ನಷ್ಟವಾಗುವುದು ಕಡಿಮೆ. ಹಾಗಾಗಿ ಶಕ್ತಿಯೂ ಹೆಚ್ಚಿತು, ಡೀಸೆಲ್ಲೂ ಉಳಿಯಿತು.

ಗುಡ್ಡಕ್ಕೆ ಬೇಕಾದದ್ದು ಎಂಥ ಶಕ್ತಿ?

ಹೆದ್ದಾರಿಯ ಕಾರಿಗೆ ವೇಗ ಬೇಕು. ಕಲ್ಲುದಾರಿಯ ಜೀಪಿಗೆ ನಿಧಾನವಾಗಿ ಸಾಗುವಾಗಲೇ ಗಟ್ಟಿಯಾಗಿ ಎಳೆಯುವ ಬಲ ಬೇಕು. ತಿರುಗಿಸುವ ಈ ಬಲಕ್ಕೆ ಟಾರ್ಕ್ ಎನ್ನುತ್ತಾರೆ. ಇದನ್ನು ನ್ಯೂಟನ್ ಮೀಟರ್‌ಗಳಲ್ಲಿ ಅಳೆಯುತ್ತಾರೆ.

ಟರ್ಬೊ ಇಲ್ಲದ ಆ ಹಳೆಯ ಲ್ಯಾಂಡ್ ರೋವರ್ ಎಂಜಿನ್‌ನ ಅತಿ ಹೆಚ್ಚಿನ ಟಾರ್ಕ್ 155 ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಸಲಾಕೆಯ ತುದಿಗೆ ಸುಮಾರು 16 ಕೆ.ಜಿ. ತೂಗುಹಾಕಿದರೆ ಸಿಗುವಷ್ಟು ತಿರುಚು ಬಲ ಅದು. ಡಿಸ್ಕವರಿಯ ಎಂಜಿನ್‌ನದು 265 ನ್ಯೂಟನ್ ಮೀಟರ್, ಅಂದರೆ ಅದೇ ಸಲಾಕೆಯ ತುದಿಗೆ 27 ಕೆ.ಜಿ. ಅದೂ ನಿಮಿಷಕ್ಕೆ ಬರೀ 1800 ಸುತ್ತು ತಿರುಗುವಾಗಲೇ.

ಇದರಲ್ಲೊಂದು ಸೊಗಸಾದ ಲೆಕ್ಕ ಅಡಗಿದೆ. ಟಾರ್ಕನ್ನು ತಿರುಗುವ ವೇಗದಿಂದ ಗುಣಿಸಿದರೆ ಶಕ್ತಿ ಸಿಗುತ್ತದೆ. 1800 ಸುತ್ತಿನಲ್ಲಿ 265 ನ್ಯೂಟನ್ ಮೀಟರ್ ಎಂದರೆ ಸುಮಾರು 67 ಅಶ್ವಶಕ್ತಿ. ಹಳೆಯ ಎಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನ ಹತ್ತಿರ ಓಡಿ, ಕಿರುಚಿ ಕೊಡುತ್ತಿದ್ದ ಹೆಚ್ಚುಕಡಿಮೆ ಪೂರ್ತಿ ಶಕ್ತಿಯನ್ನು ಹೊಸದು ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಕೊಡುತ್ತಿತ್ತು!

ಇಂಥ ಗಾಡಿಗಳಲ್ಲಿ ಲೋ ರೇಂಜ್ ಎಂಬ ಇನ್ನೊಂದು ಗೇರ್ ಕೂಡ ಇರುತ್ತದೆ. ಡಿಸ್ಕವರಿಯಲ್ಲಿ ಈ ಗೇರ್ ತಿರುಗುವ ವೇಗವನ್ನು ಸುಮಾರು 3.3 ಪಟ್ಟು ತಗ್ಗಿಸಿ, ಟಾರ್ಕನ್ನು ಅಷ್ಟೇ ಪಟ್ಟು ಹೆಚ್ಚಿಸುತ್ತದೆ. ಗೇರ್ ಹೊಸ ಶಕ್ತಿಯನ್ನು ಹುಟ್ಟಿಸಲಾರದು. ಇರುವ ಶಕ್ತಿಯನ್ನು ವೇಗದಿಂದ ಬಲಕ್ಕೆ ಬದಲಿಸಿಕೊಡುತ್ತದೆ.

ನಮ್ಮ ಬೆಟ್ಟಗಳಲ್ಲಿ

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1930 ಮೀಟರ್ ಇದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿನ ಕಡಲ ದಂಡೆಗಿಂತ ಐದನೇ ಒಂದು ಪಾಲಿನಷ್ಟು ಕಡಿಮೆ. ಲಡಾಖಿನ 5359 ಮೀಟರ್ ಎತ್ತರದ ಖರ್ದುಂಗ್ ಲಾ ಕಣಿವೆದಾರಿಯಲ್ಲಿ ಅದು ಸುಮಾರು ಅರ್ಧಕ್ಕಿಳಿಯುತ್ತದೆ. ಟರ್ಬೊ ಇಲ್ಲದ ಎಂಜಿನ್ ಅಲ್ಲಿ ಸೊರಗುತ್ತದೆ. ಟರ್ಬೊ ಇದ್ದರೆ ತೆಳು ಗಾಳಿಯನ್ನು ಒತ್ತಿ ತುಂಬಿ ನಷ್ಟದ ಬಹುಪಾಲನ್ನು ತುಂಬಿಕೊಡುತ್ತದೆ.

ನಮ್ಮ ದೇಶದಲ್ಲೇ ತಯಾರಾಗುವ ಮಹೀಂದ್ರ ಥಾರ್ ನಿಮಗೆ ಗೊತ್ತಿರಬಹುದು. 2020ರಲ್ಲಿ ಬಂದ ಥಾರ್‌ನ ಡೀಸೆಲ್ ಎಂಜಿನ್ 2184 ಸಿಸಿ. ಹಳೆಯ ಲ್ಯಾಂಡ್ ರೋವರ್ ಎಂಜಿನ್‌ಗಿಂತ ಚಿಕ್ಕದು. ಆದರೂ ಶಕ್ತಿ 130 ಅಶ್ವಶಕ್ತಿ, ಟಾರ್ಕ್ 300 ನ್ಯೂಟನ್ ಮೀಟರ್! ಟರ್ಬೊ, ಇಂಟರ್‌ಕೂಲರ್‌ಗಳ ಜೊತೆ ಇದರಲ್ಲಿ ಕಾಮನ್ ರೈಲ್ ವ್ಯವಸ್ಥೆಯೂ ಇದೆ. ಒಂದು ದಪ್ಪ ಉಕ್ಕಿನ ಕೊಳವೆಯಲ್ಲಿ ಡೀಸೆಲನ್ನು ವಾತಾವರಣದ ಒತ್ತಡದ ಸಾವಿರಕ್ಕೂ ಹೆಚ್ಚು ಪಟ್ಟು ಒತ್ತಡದವರೆಗೆ ಏರಿಸಿ ಸಿದ್ಧವಾಗಿಟ್ಟಿರುತ್ತಾರೆ. ಅಷ್ಟು ಒತ್ತಡದಿಂದ ಹೊರಚಿಮ್ಮುವ ಡೀಸೆಲ್ ಅತಿ ಸಣ್ಣ ಹನಿಗಳಾಗಿ ಒಡೆಯುತ್ತದೆ. ಹನಿ ಸಣ್ಣದಾದಷ್ಟೂ ಗಾಳಿಯೊಡನೆ ಬೇಗ ಬೆರೆತು ಚೊಕ್ಕವಾಗಿ ಉರಿಯುತ್ತದೆ. ಯಾವಾಗ, ಎಷ್ಟು ಸಿಂಪರಿಸಬೇಕು ಎಂಬುದನ್ನು ಪುಟ್ಟ ಕಂಪ್ಯೂಟರ್ ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತದೆ.

200 ಟಿಡಿಐ ಎಂಜಿನ್‌ನಲ್ಲಿ ಈ ಕೆಲಸವನ್ನು ಕಂಪ್ಯೂಟರ್ ಇಲ್ಲದೆಯೇ ಮಾಡುತ್ತಿದ್ದರು. ಡೀಸೆಲ್ ಪಂಪಿನ ತಲೆಯ ಮೇಲೆ ಒಂದು ರಬ್ಬರ್ ಪೊರೆ ಇತ್ತು. ಟರ್ಬೊದ ಒತ್ತಡ ಸಣ್ಣ ಪೈಪಿನ ಮೂಲಕ ಬಂದು ಆ ಪೊರೆಯನ್ನು ಒತ್ತಿದಾಗ ಮಾತ್ರ ಪಂಪು ಹೆಚ್ಚು ಡೀಸೆಲ್ ಕೊಡುತ್ತಿತ್ತು. ಗಾಳಿ ಬಂದಿದೆ ಎಂಬುದು ಖಚಿತವಾದ ಮೇಲೆಯೇ ಡೀಸೆಲ್. ಎಂಥ ಜಾಣತನ!

ಇನ್ನೂ ಶಕ್ತಿ ಬೇಕೆಂದರೆ?

ಗಾಡಿಯ ಮೇಲೆ ಪ್ರೀತಿ ಇರುವವರು ದೊಡ್ಡ ಇಂಟರ್‌ಕೂಲರ್ ಹಾಕುತ್ತಾರೆ, ಪಂಪಿನ ಹೊಂದಾಣಿಕೆ ಬದಲಿಸುತ್ತಾರೆ, ಟರ್ಬೊದ ಒತ್ತಡ ಏರಿಸುತ್ತಾರೆ, ಹೊಸ ಗಾಡಿಯಾದರೆ ಕಂಪ್ಯೂಟರ್‌ಗೆ ಬೇರೆ ಲೆಕ್ಕ ತುಂಬಿಸುತ್ತಾರೆ. ಇವೆಲ್ಲದರಿಂದ ಶಕ್ತಿ ಹೆಚ್ಚುವುದು ನಿಜ. ಹಾಗೆಯೇ ಶಾಖವೂ ಹೆಚ್ಚುತ್ತದೆ. ಉರಿಯುವ ಅನಿಲದ ಬಿಸಿ ಕ್ಷಣಕಾಲ 2000 ಡಿಗ್ರಿ ದಾಟುತ್ತದೆ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೇ ಕರಗುತ್ತದೆ. ಆದರೂ ಅದರಿಂದ ಮಾಡಿದ ಪಿಸ್ಟನ್ ಕರಗದಿರುವುದು ಹೇಗೆ? ಆ ಬಿಸಿ ಇರುವುದು ಕ್ಷಣಮಾತ್ರ. ಪಿಸ್ಟನ್ ಅದನ್ನು ಸಿಲಿಂಡರ್ ಗೋಡೆಗೆ ದಾಟಿಸುತ್ತಾ ಇರುತ್ತದೆ. ಅನೇಕ ಟರ್ಬೊ ಡೀಸೆಲ್‌ಗಳಲ್ಲಿ ಕೆಳಗಿನಿಂದ ಎಣ್ಣೆ ಚಿಮ್ಮಿಸಿ ಪಿಸ್ಟನ್ನನ್ನು ತಣಿಸುತ್ತಾರೆ. ಅಳತೆ ಮೀರಿ ಡೀಸೆಲ್ ಸುರಿದರೆ ಈ ತಣಿಸುವಿಕೆ ಸಾಲದೆ ಹೋಗುತ್ತದೆ. ಬಲ್ಲವರು ಅದಕ್ಕಾಗಿಯೇ ಹೊಗೆಯ ದಾರಿಯಲ್ಲಿ ಉಷ್ಣತೆ ಅಳೆಯುವ ಮೀಟರ್ ಕೂರಿಸಿ ಅದರ ಮೇಲೆ ಕಣ್ಣಿಟ್ಟಿರುತ್ತಾರೆ. ನಮ್ಮಲ್ಲಿ ಅನುಮತಿ ಇಲ್ಲದೆ ಎಂಜಿನ್ ಬದಲಿಸುವುದಕ್ಕೆ ಕಾನೂನಿನ ತಡೆಯಿದೆ, ಹೊಗೆ ತಪಾಸಣೆಯಲ್ಲೂ ಗಾಡಿ ಪಾಸಾಗಬೇಕು ಎಂಬುದನ್ನು ದೊಡ್ಡವರಿಗೆ ನೆನಪಿಸಿ.

ಅನೇಕ ಸಲ ಹೊಸದೇನೂ ಹಾಕಬೇಕಾಗಿಯೇ ಇರುವುದಿಲ್ಲ. ಏರ್ ಫಿಲ್ಟರ್‌ನಲ್ಲಿ ಧೂಳು ಕಟ್ಟಿಕೊಂಡಿರುತ್ತದೆ. ಟರ್ಬೊದಿಂದ ಬರುವ ಹೋಸ್ ಪೈಪ್ ಸೀಳಿ ಗಾಳಿ ಸೋರುತ್ತಿರುತ್ತದೆ. ಇಂಟರ್‌ಕೂಲರ್ ಮುಖಕ್ಕೆ ಕೆಸರು ಮೆತ್ತಿಕೊಂಡಿರುತ್ತದೆ. ನಾಜಲ್ ಸರಿಯಾಗಿ ಸಿಂಪರಿಸುತ್ತಿರುವುದಿಲ್ಲ. ಇವನ್ನು ಸರಿಪಡಿಸಿದರೆ ಕಳೆದುಹೋಗಿದ್ದ ಶಕ್ತಿ ಮರಳಿ ಬರುತ್ತದೆ. ಕಡಿದಾದ ಏರು ಹತ್ತಿ ಬಂದ ಮೇಲೆ ಎಂಜಿನ್ನನ್ನು ತಟ್ಟನೆ ಆಫ್ ಮಾಡದೆ ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಡುವುದೂ ಒಳ್ಳೆಯದು. ಟರ್ಬೊದ ದಂಡ ಎಣ್ಣೆಯ ತೆಳು ಪದರದ ಮೇಲೆ ತಿರುಗುತ್ತದೆ. ಎಂಜಿನ್ ನಿಂತರೆ ಎಣ್ಣೆಯ ಹರಿವೂ ನಿಲ್ಲುತ್ತದೆ, ಉಳಿದ ಎಣ್ಣೆ ಆ ಬಿಸಿಗೆ ಸುಟ್ಟು ಕರಕಲಾಗುತ್ತದೆ.

ಈ ಎಲ್ಲ ಕಥೆಯಲ್ಲಿ ಒಂದು ಎಳೆ ಕಾಣುತ್ತದೆ, ಗಮನಿಸಿದಿರಾ? ಎಂಜಿನಿಯರುಗಳು ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿದರು: ಈಗ ಶಕ್ತಿಯನ್ನು ತಡೆದಿರುವುದು ಯಾವುದು? ಮೊದಲು ಗಾಳಿ ಸಾಲದಾಗಿತ್ತು, ಟರ್ಬೊ ತಂದರು. ಆಗ ಶಾಖ ತಡೆಯಾಯಿತು, ಇಂಟರ್‌ಕೂಲರ್ ತಂದರು. ಆಮೇಲೆ ಡೀಸೆಲ್ ಹನಿಗಳು ದಪ್ಪವೆನಿಸಿದವು, ಕಾಮನ್ ರೈಲ್ ತಂದರು. ಆದರೆ ಶಕ್ತಿ ಎಷ್ಟೇ ಹೆಚ್ಚಿದರೂ ಟೈರಿಗೆ ನೆಲದ ಹಿಡಿತ ಸಿಗದಿದ್ದರೆ ಚಕ್ರ ಅಲ್ಲಲ್ಲೇ ತಿರುಗಿ ಮಣ್ಣು ಅಗೆಯುತ್ತದೆ. ಪಶ್ಚಿಮ ಘಟ್ಟದ ಹುಲ್ಲುಗಾವಲಿನಲ್ಲಿ ಹಾಗೆ ಕಿತ್ತುಹೋದ ಮಣ್ಣು ಒಂದೇ ಮಳೆಗಾಲದಲ್ಲಿ ಕೊಚ್ಚಿಹೋಗಬಹುದು. ಆದ್ದರಿಂದ ಇರುವ ದಾರಿಯಲ್ಲೇ, ನಿಧಾನವಾಗಿ ಗಾಡಿ ಓಡಿಸುವವರೇ ಜಾಣ ಡ್ರೈವರ್‌ಗಳು.

ನಿಮ್ಮೂರಿನ ಗ್ಯಾರೇಜಿನಲ್ಲಿ ಡೀಸೆಲ್ ಜೀಪಿನ ಬಾನೆಟ್ ತೆರೆದಿದ್ದರೆ, ಎಂಜಿನ್ ಆರಿ ತಣ್ಣಗಾಗಿದೆಯೇ ಎಂದು ಮೊದಲು ಕೇಳಿಕೊಳ್ಳಿ. ನಂತರ ಗಾಳಿಯ ದಾರಿಯನ್ನು ಹುಡುಕಿ: ಏರ್ ಫಿಲ್ಟರ್, ಅಲ್ಲಿಂದ ಟರ್ಬೊ, ಅಲ್ಲಿಂದ ಇಂಟರ್‌ಕೂಲರ್, ಅಲ್ಲಿಂದ ಸಿಲಿಂಡರ್, ಹೊರಗೆ ಬರುವಾಗ ಮತ್ತೆ ಟರ್ಬೊ, ಕೊನೆಗೆ ಸೈಲೆನ್ಸರ್. ಎಲ್ಲಾದರೂ ದಾರಿ ತಪ್ಪಿದರೆ "ಅಣ್ಣಾ, ಇದರಲ್ಲಿ ಇಂಟರ್‌ಕೂಲರ್ ಎಲ್ಲಿದೆ?" ಎಂದು ಮೆಕ್ಯಾನಿಕ್‌ರನ್ನು ಕೇಳಿ. ಮನೆಗೆ ಬಂದು ಆ ದಾರಿಯ ಚಿತ್ರ ಬಿಡಿಸಿ, ಯಾವ ಜಾಗದಲ್ಲಿ ಗಾಳಿ ಬಿಸಿ, ಯಾವ ಜಾಗದಲ್ಲಿ ತಂಪು ಎಂದು ಬಣ್ಣ ತುಂಬಿ.